ಕಟ್ಟದೇ ಉಳಿದ ಮೂರು ಅಣೆಕಟ್ಟುಗಳು

ಸೂಪಿನ ಬಟ್ಟಲು ಮುಂದೆ ಬಂದಿತ್ತು. ಚಮಚ ಎತ್ತುವಷ್ಟರಲ್ಲಿ ಕಿಟಕಿಯಾಚೆಯ ಸಂಜೆ ಮಾಯವಾಗಿ, ಆ ಜಾಗದಲ್ಲಿ ಒದ್ದೆ ಕಾಂಕ್ರೀಟಿನ ಗೋಡೆಯೊಂದು ಬಂದು ನಿಂತಿತು. ನಿಂತದ್ದಷ್ಟೇ ಅಲ್ಲ, ಮೆಲ್ಲಗೆ ಮೇಲಕ್ಕೆ ಏರತೊಡಗಿತು. ಪಾಚಿಯ ಪಟ್ಟೆ, ತುಕ್ಕಿನ ಕಲೆ, ನೀರು ಜಿನುಗುವ ಒಂದು ಕಬ್ಬಿಣದ ಏಣಿ, ಎಲ್ಲವೂ ಒಂದೊಂದಾಗಿ ಗಾಜಿನ ಮುಂದೆ ಹಾದು ಹೋದವು. ಊಟದ ಮನೆಯಲ್ಲಿದ್ದ ನೂರೈವತ್ತು ಜನರಲ್ಲಿ ಹೆಚ್ಚಿನವರು ಅತ್ತ ತಿರುಗಿಯೂ ನೋಡಲಿಲ್ಲ. ನಾನು ಬಟ್ಟಲು ಬಿಟ್ಟು ಮೇಲಿನ ಅಟ್ಟಕ್ಕೆ ಓಡಿದೆ. "ಮೂವತ್ತು ವರ್ಷ ಗೇಟು ನೋಡಿದ್ದು ಸಾಲಲಿಲ್ಲವೇನು ನಿಮಗೆ?" ಎಂದು ನನ್ನ ಹೆಂಡತಿ ಹಿಂದಿನಿಂದ ಕೇಳಿದ್ದು ಕಿವಿಗೆ ಬಿತ್ತು.

ಗೋಡೆ ಏರುತ್ತಿರಲಿಲ್ಲ, ನಾವಿದ್ದ ಹಡಗು ಇಳಿಯುತ್ತಿತ್ತು. ಆ ಜಾಗದ ಹೆಸರು ಯೊಖೆನ್‌ಸ್ಟೈನ್. ಒಂದು ದಡ ಜರ್ಮನಿ, ಇನ್ನೊಂದು ದಡ ಆಸ್ಟ್ರಿಯಾ, ನಡುವೆ ಡ್ಯಾನ್ಯೂಬ್ ನದಿಗೆ ಅಡ್ಡಲಾಗಿ 1950ರ ದಶಕದಲ್ಲಿ ಎರಡೂ ದೇಶದವರು ಸೇರಿ ಕಟ್ಟಿದ ವಿದ್ಯುತ್ ಕಟ್ಟೆ. ಕಟ್ಟೆಯ ಮೇಲಿನ ನೀರಿನಿಂದ ಕೆಳಗಿನ ನೀರಿಗೆ ಹಡಗನ್ನು ಇಳಿಸಬೇಕಲ್ಲ, ಅದಕ್ಕೆ ಕಟ್ಟೆಯ ಪಕ್ಕದಲ್ಲೇ ಎರಡೂ ತುದಿಗೆ ಗೇಟು ಇರುವ ಒಂದು ಉದ್ದನೆಯ ತೊಟ್ಟಿ. ಇದನ್ನು ಲಾಕ್ ಎನ್ನುತ್ತಾರೆ. ನಮ್ಮ ಕೃಷ್ಣೆಯಲ್ಲಿ ಹಡಗು ಓಡುವುದಿಲ್ಲವಾದ್ದರಿಂದ ನಮಗೆ ಇದಕ್ಕೊಂದು ಮನೆಮಾತು ಹುಟ್ಟಲಿಲ್ಲ. ಹಡಗು ತೊಟ್ಟಿಯೊಳಗೆ ಬರುತ್ತದೆ, ಮೇಲಿನ ಗೇಟು ಮುಚ್ಚುತ್ತದೆ, ತಳದ ತೂಬು ತೆರೆದು ನೀರನ್ನು ಕೆಳಗಿನ ನದಿಗೆ ಬಿಡುತ್ತಾರೆ. ನೀರಿನ ಜೊತೆ ಹಡಗೂ ಇಳಿಯುತ್ತದೆ. ಪಂಪು ಇಲ್ಲ, ಕ್ರೇನು ಇಲ್ಲ. ಏರಿಸಬೇಕಾದಾಗಲೂ ಅಷ್ಟೇ, ಮೇಲಿನ ನೀರನ್ನು ತೊಟ್ಟಿಗೆ ಹರಿಯಬಿಟ್ಟರಾಯಿತು. ಸಾವಿರಾರು ಟನ್ ತೂಕವನ್ನು ಬರೀ ನೀರಿನ ಇಳುಕಲು ಎತ್ತುತ್ತದೆ, ಇಳಿಸುತ್ತದೆ. ನಾನು ಮೇಲೆ ಹೋಗಿ ನಿಂತಾಗ ಗೋಡೆ ಕೈಗೆಟುಕುವಷ್ಟು ಹತ್ತಿರ ಇತ್ತು. ಮುಟ್ಟಿ ನೋಡಿದೆ. ತಣ್ಣಗೆ, ಲೋಳೆಯಾಗಿ, ಆಲಮಟ್ಟಿ ಅಣೆಕಟ್ಟಿನ ಒಳದಾರಿಯ ಗೋಡೆಯ ಹಾಗೆಯೇ ಇತ್ತು.

ನಿಮ್ಮಲ್ಲಿ ಕೆಲವರಿಗೆ ನಾನು ಗೊತ್ತು. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವನು, ಬದುಕಿನ ಹೆಚ್ಚಿನ ಕಾಲವನ್ನು ಕೃಷ್ಣೆಯ ದಡದಲ್ಲಿ ಕಳೆದವನು. ಅಣೆಕಟ್ಟು ಬೇಕೋ ಬೇಡವೋ ಎಂಬ ಜಗಳದಲ್ಲಿ ನಾನು ಯಾವ ಕಡೆ ಎಂದು ಕೇಳುವುದೇ ಬೇಡ, ಕಟ್ಟಿದವರ ಕಡೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇವತ್ತಿನ ಮಾತು ಕೊನೆಗೆ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ನನ್ನನ್ನು ಒಯ್ದದ್ದು ನನ್ನ ಇಚ್ಛೆಯಲ್ಲ. ಮಗಳು ಮ್ಯೂನಿಕ್‌ನಲ್ಲಿದ್ದಾಳೆ. "ಅಪ್ಪಾ, ನೀವು ಬಸ್ಸಿನಲ್ಲಿ ಸುತ್ತಿ ಸುಸ್ತಾಗುವುದು ಬೇಡ, ಹಡಗಿನಲ್ಲಿ ಹೋಗಿ" ಎಂದು ಅಕ್ಟೋಬರಿನಲ್ಲಿ ಏಳು ರಾತ್ರಿಯ ನದಿಯಾನಕ್ಕೆ ಟಿಕೆಟ್ ಮಾಡಿಸಿದಳು. ಜರ್ಮನಿಯ ಪಾಸಾವ್‌ನಲ್ಲಿ ಹತ್ತಿ ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಇಳಿಯುವುದು. ಮಲಗಿದ ಕೋಣೆಯೇ ಊರಿಂದ ಊರಿಗೆ ಸಾಗುತ್ತದೆ, ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿದರೆ ಸಾಕು.

ಪಾಸಾವ್‌ನಿಂದ ಶುರು ಮಾಡುತ್ತೇನೆ. ಕೂಡಲಸಂಗಮ ನೋಡಿದವರಿಗೆ ಎರಡು ನದಿ ಕೂಡುವುದು ಹೊಸದಲ್ಲ. ಪಾಸಾವ್‌ನಲ್ಲಿ ಮೂರು. ಉತ್ತರದಿಂದ ಇಲ್ಜ್ ಎಂಬ ಸಣ್ಣ ಹೊಳೆ, ಜೌಗು ನೆಲದಿಂದ ಬರುವುದರಿಂದ ಚಹಾ ಕಷಾಯದಂತೆ ಕಪ್ಪು. ದಕ್ಷಿಣದಿಂದ ಆಲ್ಪ್ಸ್ ಪರ್ವತದ ಹಿಮನೀರು ಹೊತ್ತ ಇನ್, ಹಾಲು ಬೆರೆಸಿದ ಹಸಿರು. ನಡುವೆ ಡ್ಯಾನ್ಯೂಬ್. ಕೋಟೆಯ ಮೇಲೆ ನಿಂತು ನೋಡಿದರೆ ಮೂರು ಬಣ್ಣ ತುಸು ದೂರ ಜೊತೆಜೊತೆಗೆ ಹರಿಯುವುದು ಕಾಣುತ್ತದೆ. ವಿಚಿತ್ರವೆಂದರೆ ವರ್ಷದ ಸರಾಸರಿ ತೆಗೆದರೆ ಇನ್ ತರುವ ನೀರು ಡ್ಯಾನ್ಯೂಬ್‌ಗಿಂತ ಹೆಚ್ಚು. ಆದರೂ ಮುಂದೆ ಉಳಿಯುವ ಹೆಸರು ಡ್ಯಾನ್ಯೂಬ್‌ನದೇ. ಇದನ್ನು ಹೆಂಡತಿಗೆ ವಿವರಿಸಿದೆ. "ತವರಿನಿಂದ ಎಷ್ಟು ಹೊತ್ತು ತಂದರೇನು, ಹೆಸರು ಗಂಡನ ಮನೆಯದೇ ಅಲ್ಲವೇ" ಎಂದಳು. ಆ ದಿನದ ಗೈಡ್ ಹೇಳಿದ ಯಾವ ಮಾತೂ ನನಗೆ ಇಷ್ಟು ನೆನಪಿಲ್ಲ.

ಅಲ್ಲಿಯ ಪುರಭವನದ ಗೋಡೆಯಲ್ಲಿ ಪ್ರವಾಹದ ಗುರುತುಗಳಿವೆ. ಯಾವ ವರ್ಷ ನೀರು ಎಲ್ಲಿಗೆ ಬಂತು ಎಂದು ಗೆರೆ ಎಳೆದು ಇಸವಿ ಬರೆದಿದ್ದಾರೆ. 2013ರ ಜೂನ್‌ನಲ್ಲಿ ನೀರಿನ ಮಟ್ಟ 12.89 ಮೀಟರಿಗೆ ಏರಿತು. ಅಷ್ಟು ನೀರು ಬಂದದ್ದು ಅದಕ್ಕೆ ಮೊದಲು 1501ರಲ್ಲಿ. ಐನೂರು ವರ್ಷದ ದಾಖಲೆ ಒಂದು ಗೋಡೆಯ ಮೇಲೆ! ನಾವು ಕಚೇರಿಯಲ್ಲಿ ನಲವತ್ತು ವರ್ಷದ ಮಳೆಯ ಲೆಕ್ಕ ಹುಡುಕಲು ಎಷ್ಟು ಕಪಾಟು ತಡಕುತ್ತಿದ್ದೆವು ಎಂದು ನೆನೆದು ನಗು ಬಂತು. ಪಾಸಾವ್‌ನ ಕೆಥೆಡ್ರಲ್‌ನಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಕೊಳವೆಗಳ ಆರ್ಗನ್ ವಾದ್ಯ ಇದೆ, ಎಲ್ಲರನ್ನೂ ಅಲ್ಲಿಗೇ ಕರೆದೊಯ್ಯುತ್ತಾರೆ. ನೀವು ಹೋದರೆ ಈ ಗೋಡೆಯನ್ನೂ ಐದು ನಿಮಿಷ ನೋಡಿ.

ಈಗ ಹಡಗಿನ ಬಗ್ಗೆ ಒಂದು ಮಾತು. ಇಂಥ ಹಡಗುಗಳಲ್ಲಿ ದೊಡ್ಡವು 135 ಮೀಟರ್ ಉದ್ದ, ಅಗಲ ಮಾತ್ರ ಸುಮಾರು 11.4 ಮೀಟರ್. ನಮ್ಮ ಹಳ್ಳಿಗಳ ಓಣಿಮನೆಯ ಹಾಗೆ, ಮುಂಬಾಗಿಲಲ್ಲಿ ನಿಂತರೆ ಹಿತ್ತಿಲು ಕಾಣದು. ಇದು ಯಾಕೆ ಹೀಗೆ? ಡ್ಯಾನ್ಯೂಬ್ ಅಗಲವಾಗಿಯೇ ಇದೆ, ಆಸ್ಟ್ರಿಯಾದ ಲಾಕ್‌ಗಳು 24 ಮೀಟರ್ ಅಗಲ ಇವೆ. ಉತ್ತರ ಸಿಗುವುದು ಅಲ್ಲಿಂದ ಬಹುದೂರದ ಜರ್ಮನಿಯ ಮೈನ್ ನದಿಯಲ್ಲಿ. ಅಲ್ಲಿಯ ಲಾಕ್‌ಗಳ ಅಗಲ 12 ಮೀಟರ್. ಮೈನ್ ಮತ್ತು ಡ್ಯಾನ್ಯೂಬ್ ನಡುವೆ 171 ಕಿಲೋಮೀಟರಿನ ಕಾಲುವೆ ಇದೆ, ಗುಡ್ಡ ಹತ್ತಿ ಇಳಿಯುತ್ತದೆ, ತುದಿಯಲ್ಲಿ ಸಮುದ್ರ ಮಟ್ಟದಿಂದ 406 ಮೀಟರ್ ಎತ್ತರ. ಈ ಕಾಲುವೆ 1992ರಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ಆಮ್‌ಸ್ಟರ್‌ಡ್ಯಾಮ್‌ನಿಂದ ಹೊರಟ ಹಡಗು ಕಪ್ಪು ಸಮುದ್ರದವರೆಗೆ ಹೋಗಬಹುದು. ಹಾಗಾಗಿ ಹಡಗು ಕಟ್ಟುವವರು ಆ 12 ಮೀಟರಿನ ಕಿರಿದಾದ ಬಾಗಿಲನ್ನು ನೆನಪಿಟ್ಟುಕೊಂಡೇ ಕಟ್ಟುತ್ತಾರೆ. ಇದೇ ಕಾಲುವೆಯನ್ನು ದೊರೆ ಶಾರ್ಲಮೇನ್ 793ರಲ್ಲಿ ತೋಡಿಸಲು ಹೊರಟಿದ್ದ. ಗುಂಡಿಯ ಗುರುತು ಈಗಲೂ ನೆಲದಲ್ಲಿದೆಯಂತೆ. ಸಾವಿರದ ಇನ್ನೂರು ವರ್ಷ ನೆನೆಗುದಿಗೆ ಬಿದ್ದ ಕಾಮಗಾರಿ! ನಮ್ಮ ಯೋಜನೆಗಳು ತಡವಾಗುತ್ತವೆ ಎಂದು ಯಾರಾದರೂ ಬೈದರೆ ಇದನ್ನು ಹೇಳಿ.

ದಡದಲ್ಲಿ ಅಲ್ಲಲ್ಲಿ ಅಂಕಿ ಬರೆದ ಫಲಕಗಳಿರುತ್ತವೆ. ಪಾಸಾವ್ ಬಳಿ 2,226, ಬುಡಾಪೆಸ್ಟ್‌ನಲ್ಲಿ 1,647. ಮುಂದೆ ಹೋದಂತೆ ಅಂಕಿ ಕಡಿಮೆಯಾಗುತ್ತದೆ. ಅವರು ಎಣಿಸುವುದು ಸಮುದ್ರದಿಂದ, ರುಮೇನಿಯಾದ ಸುಲೀನಾ ಎಂಬಲ್ಲಿ ಸೊನ್ನೆ. ನಮಗೆ ನದಿ ಎಂದರೆ ತಲಕಾವೇರಿ, ಮಹಾಬಲೇಶ್ವರ. ಹುಟ್ಟಿನಿಂದ ಲೆಕ್ಕ. ಅವರಲ್ಲಿ ಹುಟ್ಟಿನ ಬಗ್ಗೆಯೇ ಜಗಳ ಇದೆ, ಎರಡು ಊರು ನಮ್ಮದೇ ಮೂಲ ಎನ್ನುತ್ತವೆ. ಸಾಲದ್ದಕ್ಕೆ ಹುಟ್ಟಿದ ತುಸು ದೂರದಲ್ಲೇ ಸುಣ್ಣಕಲ್ಲಿನ ಪಾತ್ರದಲ್ಲಿ ನದಿ ಬೇಸಿಗೆಯಲ್ಲಿ ಪೂರ್ತಿ ಇಂಗಿಹೋಗಿ, ಸುಮಾರು 12 ಕಿಲೋಮೀಟರ್ ಆಚೆ ಬೇರೆ ಚಿಲುಮೆಯಾಗಿ ಎದ್ದು, ರೈನ್ ನದಿಗೆ ಸೇರುತ್ತದೆ. ಅಂದರೆ ಡ್ಯಾನ್ಯೂಬ್‌ನ ನೀರನ್ನು ನೆಲದಡಿಯಿಂದ ರೈನ್ ಕದಿಯುತ್ತಿದೆ. ಇಂಥ ನದಿಯನ್ನು ಹುಟ್ಟಿನಿಂದ ಅಳೆಯುವುದು ಕಷ್ಟ. ಹಡಗಿನವನಿಗಂತೂ ಸಮುದ್ರ ಎಷ್ಟು ದೂರ ಎಂಬುದೇ ಮುಖ್ಯ.

ಗೈಡ್‌ಗಳ ಬಗ್ಗೆ ಕೇಳುತ್ತೀರಿ, ಹೇಳಿಬಿಡುತ್ತೇನೆ. ಪ್ರತಿ ಊರಿನಲ್ಲೂ ಕೊರಳಿಗೆ ಒಂದು ಪೆಟ್ಟಿಗೆ, ಕಿವಿಗೆ ಒಂದು ಎಳೆ. ಗೈಡ್ ನಲವತ್ತು ಹೆಜ್ಜೆ ಮುಂದೆ ಇದ್ದರೂ ಕಿವಿಯಲ್ಲೇ ಪಿಸುಗುಟ್ಟಿದಂತೆ ಕೇಳುತ್ತದೆ. ಕೈಯಲ್ಲಿ ಸಂಖ್ಯೆ ಬರೆದ ಕೋಲು ಹಿಡಿದಿರುತ್ತಾರೆ. ನಾವು ಹನ್ನೊಂದನೆಯ ಕೋಲಿನ ಜನ. ಊರಿಗೆ ಎರಡು ಗಂಟೆ. ಅದರಲ್ಲಿ ಅರ್ಧ ಗಂಟೆ ಅಂಗಡಿಗೆ. ತಿಳಿದವರೇ ಇದ್ದರು, ಆದರೆ ರಾಜರ ಹೆಸರು ಕೇಳಿ ಕೇಳಿ ತಲೆ ಬೆಚ್ಚಗಾಗುತ್ತಿತ್ತು. ಊಟದ್ದು ನಮಗೆ ತೊಂದರೆ ಆಗಲಿಲ್ಲ. ಹೆಂಡತಿ ಒಂದು ಕಿಲೋ ಶೇಂಗಾ ಚಟ್ನಿ ಪುಡಿ ಒಯ್ದಿದ್ದಳು. ಮೂರನೆಯ ದಿನಕ್ಕೆ ಬಡಿಸುವ ಹುಡುಗನೇ ಬ್ರೆಡ್ಡಿನ ಜೊತೆ ಬೆಣ್ಣೆ ಕರಗಿಸಿ ತಂದಿಟ್ಟು, ತನಗೂ ಒಂದು ಚಮಚ ಪುಡಿ ಕೇಳಿದ.

ಈಗ ಆಸ್ಟ್ರಿಯಾದ ವಾಖಾವ್ ಕಣಿವೆಗೆ ಬರುತ್ತೇನೆ. ಇಲ್ಲಿ ಮುಂದಿನ ಸಾಲಿನಲ್ಲಿ ದ್ರಾಕ್ಷಿ ಬೆಳೆಗಾರರು ಕುಳಿತಿದ್ದೀರಿ, ನಿಮಗಾಗಿಯೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮೆಲ್ಕ್ ಎಂಬ ಊರಿನಿಂದ ಕ್ರೆಮ್ಸ್‌ವರೆಗೆ ಸುಮಾರು 36 ಕಿಲೋಮೀಟರ್ ಉದ್ದದ ಕಣಿವೆ ಇದು, 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬಾಗಿಲಲ್ಲಿ ಮೆಲ್ಕ್‌ನ ಬೆನೆಡಿಕ್ಟೈನ್ ಮಠ, ಬಂಡೆಯ ಮೇಲೆ ಹಳದಿ ಅರಮನೆಯ ಹಾಗೆ. ಮುಂದೆ ಹೋದಂತೆ ಎಡದಡದ ಗುಡ್ಡವೆಲ್ಲ ಮೆಟ್ಟಿಲು ಮೆಟ್ಟಿಲು, ಮೆಟ್ಟಿಲ ಮೇಲೆಲ್ಲ ದ್ರಾಕ್ಷಿ. ಶ್ಪಿಟ್ಸ್ ಎಂಬ ಊರಿನ ಗುಡ್ಡದ ಹೆಸರೇ ಸಾವಿರ ಕೊಡಗಳ ಗುಡ್ಡ. ಒಳ್ಳೆಯ ವರ್ಷ ಅಷ್ಟು ವೈನ್ ಕೊಡುತ್ತದೆ ಎಂದು ಹೆಸರು. ಹೊಲಕ್ಕೆ ಇಂಥ ಹೆಸರಿಡುವುದು ನಮಗೂ ಗೊತ್ತಿರುವ ಸಂಗತಿಯೇ.

ನಾವು ಹೋದದ್ದು ಕೊಯ್ಲಿನ ಕೊನೆಯ ದಿನಗಳಲ್ಲಿ. ನೀವು ಇಲ್ಲಿ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿಸಿ ಬಳ್ಳಿ ಚಿಗುರುವುದನ್ನು ಕಾಯುತ್ತಿರುತ್ತೀರಿ, ಅಲ್ಲಿ ಗೊನೆ ಇಳಿಯುತ್ತಿತ್ತು. ಅವರ ಬಳ್ಳಿ ಚಳಿಗಾಲ ಪೂರ್ತಿ ನಿದ್ದೆ ಮಾಡುತ್ತದೆ, ಚಾಟ್ನಿ ವರ್ಷಕ್ಕೆ ಒಂದೇ. ನಮ್ಮ ಬಳ್ಳಿಗೆ ನಿದ್ದೆಯೇ ಇಲ್ಲವಾದ್ದರಿಂದ ನಾವು ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಕತ್ತರಿ ಹಾಕಿ ಎಬ್ಬಿಸುತ್ತೇವೆ. ಒಬ್ಬ ಬೆಳೆಗಾರರ ತೋಟಕ್ಕೆ ನಮ್ಮನ್ನು ಕರೆದೊಯ್ದರು. ಎಪ್ಪತ್ತು ದಾಟಿದ ಹೆಂಗಸು, ಬೂಟು ತುಂಬ ಮಣ್ಣು. ವೈನ್ ರುಚಿ ನೋಡುವ ಮೇಜು ಸಿದ್ಧವಾಗಿತ್ತು, ನಾನು ಮಾತ್ರ ಗೋಡೆ ನೋಡುತ್ತ ನಿಂತೆ. ಮೆಟ್ಟಿಲುಗಳ ಒತ್ತುಗೋಡೆ ಇದೆಯಲ್ಲ, ಅದಕ್ಕೆ ಗಾರೆಯೇ ಇಲ್ಲ. ಬರೀ ಕಲ್ಲಿನ ಮೇಲೆ ಕಲ್ಲು. ನಾನು ಗೋಡೆಗೆ ಕೈಯಿಟ್ಟು ಸಿಮೆಂಟ್ ಬಳಿಯುವ ಸನ್ನೆ ಮಾಡಿ "ಇಲ್ಲವೇ?" ಎಂದು ಕೇಳಿದೆ. ಆಕೆ ತಲೆಯಾಡಿಸಿ, ಎರಡು ಕಲ್ಲಿನ ನಡುವೆ ಸಿಕ್ಕಿಸಿದ್ದ ಒಂದು ಚೂರನ್ನು ಎಳೆದು ತೆಗೆದಳು. ಆ ಸಂದಿಯಿಂದ ನೀರಿನ ಒಂದು ಸಣ್ಣ ಎಳೆ ಇಳಿಯಿತು. ಹಿಂದಿನ ರಾತ್ರಿ ತುಂತುರು ಬಿದ್ದಿತ್ತು. ಚೂರನ್ನು ಮತ್ತೆ ಅಲ್ಲೇ ತುರುಕಿ, ಕೈ ಕೊಡವಿಕೊಂಡಳು. ಒತ್ತುಗೋಡೆ ಬೀಳುವುದು ಮಣ್ಣಿನ ಭಾರದಿಂದಲ್ಲ, ಹಿಂದೆ ನಿಂತ ನೀರಿನಿಂದ ಎಂದು ನಾನು ಕಿರಿಯ ಎಂಜಿನಿಯರ್‌ಗಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಿದ್ದೆ. ಆಕೆ ಒಂದು ಕಲ್ಲಿನ ಚೂರಿನಲ್ಲಿ ಹೇಳಿದಳು.

ಆ ಗೋಡೆಯ ಸಂದಿಗಳಲ್ಲಿ ಪಚ್ಚೆ ಬಣ್ಣದ ಹಲ್ಲಿ ಇರುತ್ತದೆ, ಬಿಸಿಲು ಕಾಯಲು ಹೊರಗೆ ಬರುತ್ತದೆ. ಅಲ್ಲಿಯ ಅತ್ಯುತ್ತಮ ವೈನ್‌ಗೆ ಅದರ ಹೆಸರನ್ನೇ ಇಟ್ಟಿದ್ದಾರೆ, ಸ್ಮಾರಾಗ್ಡ್ ಎಂದು. ಕಣಿವೆಯ ಬೆಳೆಗಾರರು 1983ರಲ್ಲಿ ಒಂದು ಸಂಘ ಕಟ್ಟಿಕೊಂಡು ತಮ್ಮ ಒಣ ಬಿಳಿ ವೈನ್‌ಗೆ ಮೂರು ದರ್ಜೆ ಮಾಡಿಕೊಂಡರು. ಹಗುರವಾದದ್ದು ಸ್ಟೈನ್‌ಫೆಡರ್, ಅದು ಬಂಡೆಯ ಮೇಲೆ ಬೆಳೆಯುವ ಗರಿಯಂಥ ಹುಲ್ಲಿನ ಹೆಸರು, ಆಲ್ಕೋಹಾಲ್ 11.5 ಶೇಕಡ ದಾಟುವಂತಿಲ್ಲ. ನಡುವಿನದು ಫೆಡರ್‌ಶ್ಪೀಲ್, ಡೇಗೆ ಬೇಟೆಯಿಂದ ಬಂದ ಹೆಸರು. 12.5ರಿಂದ ಮೇಲೆ ಸ್ಮಾರಾಗ್ಡ್. ಹುಲ್ಲು, ಡೇಗೆ, ಹಲ್ಲಿ. ರಾಜನ ಹೆಸರಿಲ್ಲ, ಕಂಪನಿಯ ಹೆಸರಿಲ್ಲ. ತಳಿ ಮುಖ್ಯವಾಗಿ ಎರಡು, ಗ್ರೂನರ್ ವೆಲ್ಟ್‌ಲೀನರ್ ಮತ್ತು ರೀಸ್ಲಿಂಗ್. ಹಗಲಲ್ಲಿ ಪೂರ್ವದ ಬಯಲಿನಿಂದ ಬೆಚ್ಚನೆ ಗಾಳಿ ಬರುತ್ತದೆ, ರಾತ್ರಿ ಉತ್ತರದ ಕಾಡಿನಿಂದ ತಣ್ಣನೆ ಗಾಳಿ ಇಳಿಯುತ್ತದೆ, ಕಲ್ಲು ಹಗಲಿನ ಕಾವು ಹಿಡಿದಿಡುತ್ತದೆ, ನದಿ ಅತಿಚಳಿ ತಡೆಯುತ್ತದೆ. ಈ ನಾಲ್ಕರ ಲೆಕ್ಕವೇ ಹಣ್ಣಿನ ಹುಳಿ ಮತ್ತು ಸಿಹಿ. ನಾನು ರುಚಿ ನೋಡಿದೆ, ಸುಳ್ಳು ಹೇಳುವುದಿಲ್ಲ. ಗ್ರೂನರ್‌ಗೆ ಬಿಳಿ ಮೆಣಸಿನ ಖಾರದ ಸುಳಿವು ಇದೆ ಎನ್ನುತ್ತಾರೆ, ನನಗೂ ಹಾಗೇ ಅನ್ನಿಸಿತು, ಹೇಳಿಸಿಕೊಂಡ ಮೇಲೆ. ಹೆಂಡತಿ ಏಪ್ರಿಕಾಟ್ ರಸ ಕುಡಿದಳು. ಆ ಕಣಿವೆಗೆ ದ್ರಾಕ್ಷಿಯಷ್ಟೇ ಹೆಸರು ಏಪ್ರಿಕಾಟ್‌ಗೂ ಇದೆ, ಅಲ್ಲಿ ಅದನ್ನು ಮರಿಲ್ಲೆ ಎನ್ನುತ್ತಾರೆ.

ಇನ್ನೊಂದು ಕಥೆ. ಆ ದಿನಗಳಲ್ಲಿ ಸ್ಟುರ್ಮ್ ಎಂಬ ಪಾನೀಯ ಮಾರುತ್ತಾರೆ. ರಸ ಇನ್ನೂ ಹುಳಿಯುತ್ತಿರುವಾಗಲೇ ಬಾಟಲಿಗೆ ತುಂಬಿದ್ದು, ಮಜ್ಜಿಗೆಯಂತೆ ಮಸುಕು. ನಮ್ಮವಳು ಮಗಳಿಗೆಂದು ಒಂದು ಬಾಟಲಿ ಕೊಂಡು ಕೈಚೀಲದಲ್ಲಿ ಮಲಗಿಸಿ ಇಟ್ಟಳು. ಅದಕ್ಕೆ ಬಿಗಿಯಾದ ಮುಚ್ಚಳ ಇರುವುದಿಲ್ಲ, ಗಾಳಿ ಹೊರಹೋಗದಿದ್ದರೆ ಬಾಟಲಿ ಒಡೆಯುತ್ತದೆ. ಹಡಗಿಗೆ ಬರುವಷ್ಟರಲ್ಲಿ ಪಾಸ್‌ಪೋರ್ಟು, ಸ್ವೆಟರು, ಚಟ್ನಿ ಪುಡಿಯ ಡಬ್ಬಿ ಎಲ್ಲ ಸ್ಟುರ್ಮ್‌ಮಯ. ಹುಳಿಬಂದ ಇಡ್ಲಿ ಹಿಟ್ಟಿಗೆ ಮುಚ್ಚಳ ಬಿಗಿದರೆ ಏನಾಗುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಪಾಠ ಹೇಳುವವಳು ಅವಳೇ.

ಬೆಳೆಗಾರರು ತಮ್ಮ ಮನೆಯಂಗಳದಲ್ಲೇ ತಮ್ಮ ವೈನ್ ಮಾರುವ ಪದ್ಧತಿಗೆ ಹೊಯ್ರಿಗರ್ ಎನ್ನುತ್ತಾರೆ. ಚಕ್ರವರ್ತಿ ಎರಡನೆಯ ಜೋಸೆಫ್ 1784ರಲ್ಲಿ ಇದಕ್ಕೆ ಅನುಮತಿ ಕೊಟ್ಟ. ಬಾಗಿಲಿಗೆ ಹಸಿರು ಕೊಂಬೆ ಕಟ್ಟಿದ್ದರೆ ಇವತ್ತು ಅಂಗಡಿ ತೆರೆದಿದೆ ಎಂದರ್ಥ. ಆದರೆ ಎಲ್ಲವೂ ಚಂದವೇ ಇತ್ತು ಎಂದುಕೊಳ್ಳಬೇಡಿ. 1985ರಲ್ಲಿ ಆಸ್ಟ್ರಿಯಾದ ಕೆಲವು ವೈನ್ ವ್ಯಾಪಾರಿಗಳು ಸಿಹಿ ಮತ್ತು ಗಟ್ಟಿತನ ಹೆಚ್ಚಿಸಲು ಡೈಇಥಿಲೀನ್ ಗ್ಲೈಕಾಲ್ ಬೆರೆಸಿ ಸಿಕ್ಕಿಬಿದ್ದರು. ದೇಶದ ವೈನ್ ರಫ್ತು ನೆಲಕಚ್ಚಿತು. ಬೆರೆಸದವರೂ ಅನುಭವಿಸಿದರು. ಅದೇ ವರ್ಷ ಬಿಗಿಯಾದ ಕಾನೂನು ಬಂತು.

ಡ್ಯೂರ್ನ್‌ಸ್ಟೈನ್‌ನಲ್ಲಿ ಗುಡ್ಡದ ಮೇಲೆ ಮುರುಕು ಕೋಟೆ. ಇಂಗ್ಲೆಂಡಿನ ರಾಜ ರಿಚರ್ಡ್ ಧರ್ಮಯುದ್ಧ ಮುಗಿಸಿ ವೇಷ ಮರೆಸಿಕೊಂಡು ಮರಳುವಾಗ 1192ರ ಡಿಸೆಂಬರಿನಲ್ಲಿ ವಿಯೆನ್ನಾ ಬಳಿ ಸಿಕ್ಕಿಬಿದ್ದು, ಇಲ್ಲಿ ಸೆರೆಯಲ್ಲಿದ್ದ. ನಿಷ್ಠಾವಂತ ಗಾಯಕನೊಬ್ಬ ಕೋಟೆಯಿಂದ ಕೋಟೆಗೆ ಹಾಡುತ್ತ ಹೋಗಿ ಅವನನ್ನು ಪತ್ತೆ ಹಚ್ಚಿದ ಎಂದು ಎಲ್ಲ ಗೈಡ್‌ಗಳೂ ಹೇಳುತ್ತಾರೆ. ಅದು ಕಟ್ಟುಕಥೆ. ನನಗೆ ಕಥೆಗಿಂತ ಹಣದ ಲೆಕ್ಕ ಇಷ್ಟ. ಒಪ್ಪಿದ ಒತ್ತೆಹಣ 1,50,000 ಮಾರ್ಕ್ ಬೆಳ್ಳಿ. ಕೈಸೇರಿದ್ದರಲ್ಲಿ ಆಸ್ಟ್ರಿಯಾದ ಡ್ಯೂಕ್‌ಗೆ ಬಂದ ಪಾಲಿನಿಂದ ವಿಯೆನ್ನಾದ ಕೋಟೆಗೋಡೆ ಬಲಗೊಂಡಿತು. ಹಲವು ಶತಮಾನ ಅಲ್ಲೇ ಬಲಪಡಿಸುತ್ತ ಬಂದ ಗೋಡೆಯನ್ನು 1850ರ ದಶಕದ ಕೊನೆಯಿಂದ ಕೆಡವಿ ಮಾಡಿದ ರಸ್ತೆಯೇ ಇವತ್ತು ಪ್ರವಾಸಿಗರು ಟ್ರಾಮಿನಲ್ಲಿ ಸುತ್ತುವ ರಿಂಗ್‌ಸ್ಟ್ರಾಸೆ.

ಈಗ ನನ್ನ ಕಸುಬಿಗೆ ಬರುತ್ತೇನೆ. ವಾಖಾವ್ ದಾಟುವಾಗ ನನಗೆ ಏನೋ ಬೇರೆ ಅನ್ನಿಸಿತು, ಏನೆಂದು ತಕ್ಷಣ ಹೊಳೆಯಲಿಲ್ಲ. ಆಮೇಲೆ ತಿಳಿಯಿತು. ನೀರು ಹರಿಯುತ್ತಿತ್ತು. ಅಲ್ಲಿಯವರೆಗೆ ನಾವು ಬಂದದ್ದು ಹಿನ್ನೀರಿನಿಂದ ಹಿನ್ನೀರಿಗೆ, ನಿಂತ ಕನ್ನಡಿಯ ಮೇಲೆ. ಆಸ್ಟ್ರಿಯಾದ ಡ್ಯಾನ್ಯೂಬ್ ಮೇಲೆ ಯೊಖೆನ್‌ಸ್ಟೈನ್ ಸೇರಿ ಹತ್ತು ವಿದ್ಯುತ್ ಕಟ್ಟೆಗಳಿವೆ, ನದಿ ಹತ್ತು ಮೆಟ್ಟಿಲಿನ ಸೋಪಾನವಾಗಿದೆ. ಮೆಲ್ಕ್‌ನ ಕಟ್ಟೆ ದಾಟಿದ ಮೇಲೆ ಮಾತ್ರ ಸುಳಿ, ಸೆಳೆತ, ಬೆಣಚುಕಲ್ಲಿನ ದಿಬ್ಬ, ದಡಕ್ಕೆ ಬಡಿಯುವ ಸದ್ದು. ಸಂಜೆ ಹಡಗಿನ ಅಧಿಕಾರಿಯನ್ನು ಕೇಳಿದೆ, ಇಲ್ಲಿ ಯಾಕೆ ಬಿಟ್ಟರು ಎಂದು. ಬಿಡಲಿಲ್ಲ, ಬಿಡಿಸಿದರು ಎಂದರು. 1970ರ ದಶಕದಲ್ಲಿ ಈ ಕಣಿವೆಯಲ್ಲೂ ಕಟ್ಟೆಯ ಯೋಜನೆ ಇತ್ತು. ಕಣಿವೆಯ ಜನರೇ ಗುಂಪು ಕಟ್ಟಿ ಎದುರು ನಿಂತರು, ಯೋಜನೆ ಕಡತದಲ್ಲೇ ಉಳಿಯಿತು. ಕಟ್ಟೆ ಬಂದಿದ್ದರೆ ಈ ಪ್ರವಾಸದ ಜಾಹೀರಾತಿನ ಮುಖಚಿತ್ರವೇ ಇರುತ್ತಿರಲಿಲ್ಲ.

ವಿಯೆನ್ನಾ ಬಗ್ಗೆ ನಿಮಗೆ ಗೊತ್ತಿರುವುದಕ್ಕಿಂತ ಹೆಚ್ಚು ನಾನು ಹೇಳಲಾರೆ. ಎರಡು ದಿನ, ಅರಮನೆ, ಸಂಗೀತ, ಕಾಫಿ. ಒಂದನ್ನು ಮಾತ್ರ ಹೇಳಬೇಕು. ನದಿ ನಗರ ಬಿಡುವ ಕಡೆ ಫ್ರಾಯ್ಡೆನಾವ್ ಎಂಬ ಕಟ್ಟೆ ಇದೆ. ಕಟ್ಟುವ ಮೊದಲು 1991ರಲ್ಲಿ ನಗರದ ಜನರ ಮತ ಕೇಳಿದರು. ಬಹುಮತ ಬೇಕು ಎಂದಿತು, ಕಟ್ಟಿದರು. ಅಂದರೆ ಅಲ್ಲಿಯವರು ಎಲ್ಲದಕ್ಕೂ ಬೇಡ ಎನ್ನುವವರಲ್ಲ.

ಆ ಕಟ್ಟೆ ದಾಟಿದರೆ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾ ಕಡೆಗೆ ಮತ್ತೆ ಹರಿಯುವ ನದಿ. ಬೆಳಗಿನ ಆರು ಗಂಟೆ. ಕೋಟೆ ಇಲ್ಲ, ಮಠ ಇಲ್ಲ, ದ್ರಾಕ್ಷಿ ಇಲ್ಲ, ಹಾಗಾಗಿ ಎಲ್ಲರೂ ಮಲಗಿದ್ದರು. ಅಟ್ಟದ ಮೇಲೆ ನಾನೊಬ್ಬನೇ. ಎರಡೂ ದಡಕ್ಕೆ ನೀರಲ್ಲಿ ಕಾಲಿಟ್ಟು ನಿಂತಂಥ ಕಾಡು, ಮಂಜು, ಬಿದ್ದ ಮರದ ಮೇಲೆ ಕೊಕ್ಕರೆ. ಹೈನ್‌ಬುರ್ಗ್ ಬಳಿಯ ಈ ಕಾಡಿನಲ್ಲಿ ಕಟ್ಟೆ ಕಟ್ಟಲು 1984ರಲ್ಲಿ ಎಲ್ಲ ಸಿದ್ಧವಾಗಿತ್ತು. ಆ ವರ್ಷ ಮೇ ತಿಂಗಳಲ್ಲಿ ಬೇರೆ ಬೇರೆ ಪಕ್ಷಗಳವರು ಜಿಂಕೆ, ಕೊಕ್ಕರೆಗಳ ವೇಷ ಹಾಕಿ "ಪ್ರಾಣಿಗಳ ಪತ್ರಿಕಾಗೋಷ್ಠಿ" ನಡೆಸಿದರು. ಜನ ನಕ್ಕರು. ಡಿಸೆಂಬರಿನಲ್ಲಿ ಮರ ಕಡಿಯಲು ಹೋದಾಗ ಸಾವಿರಾರು ಜನ ಹಿಮ ಬೀಳುವ ಚಳಿಯಲ್ಲಿ ಡೇರೆ ಹಾಕಿ ಕಾಡಿನಲ್ಲೇ ಕುಳಿತರು. ಪೊಲೀಸರು ಲಾಠಿ ಬೀಸಿದರು, ಜನ ಗಾಯಗೊಂಡರು. ಕೊನೆಗೆ ಚಾನ್ಸಲರ್ ಫ್ರೆಡ್ ಸಿನೋವಾಟ್ಸ್ ಕ್ರಿಸ್‌ಮಸ್ ಶಾಂತಿ ಎಂದು ಕೆಲಸ ನಿಲ್ಲಿಸಿದರು. ಮತ್ತೆ ಶುರುವಾಗಲೇ ಇಲ್ಲ. 1996ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ನಾನು ಅಟ್ಟದ ಮೇಲೆ ನಿಂತು ನೆನೆದದ್ದು ಬಾಗಲಕೋಟೆಯ ಮುಳುಗಿದ ಓಣಿಗಳನ್ನು. ಅಲ್ಲಿ ನೋಟಿಸು ಕೊಡಲು ಹೋದಾಗ ಒಬ್ಬ ಮುದುಕ ನನ್ನನ್ನು ಕೂಡಿಸಿ ನೀರು ಕೊಟ್ಟು, "ಸಾಹೇಬರೇ, ನೀರು ಎಲ್ಲಿಯವರೆಗೆ ಬರುತ್ತದೆ, ಕೈ ಮಾಡಿ ತೋರಿಸಿ" ಎಂದಿದ್ದ. ನಾನು ಅವನ ಮನೆಯ ಗೋಡೆಯ ಮೇಲೆ ತೋರಿಸಿದ್ದೆ. ಆ ನೀರಿನಿಂದ ಎಷ್ಟು ಹೊಲ ಹಸಿರಾಗಿದೆ ಎಂಬುದು ನಿಮಗೂ ಗೊತ್ತು. ಎರಡೂ ನಿಜ.

ಕಾಡು ಉಳಿಯಿತು, ಆದರೆ ನದಿಗೆ ಇನ್ನೊಂದು ರೋಗ ಹತ್ತಿತು. ಮೇಲಿನ ಕಟ್ಟೆಗಳಲ್ಲಿ ಬೆಣಚುಕಲ್ಲು ಸಿಕ್ಕಿಕೊಂಡುಬಿಡುತ್ತದೆ. ಕೆಳಗೆ ಬರಿಗೈಯಲ್ಲಿ ಬಂದ ನೀರು ಹಸಿದಿರುತ್ತದೆ, ತನ್ನ ತಳವನ್ನೇ ತಿನ್ನುತ್ತದೆ. ಹಾಗಾಗಿ ಫ್ರಾಯ್ಡೆನಾವ್ ಕೆಳಗೆ ಅವರು ದೋಣಿಯಲ್ಲಿ ಕಲ್ಲು ತಂದು ನದಿಗೆ ಸುರಿಯುತ್ತಾರೆ. ನದಿಗೆ ತುತ್ತು ಕೊಟ್ಟ ಹಾಗೆ.

ಬ್ರಾಟಿಸ್ಲಾವಾದಲ್ಲಿ ನಮ್ಮ ಯಾನ ನಿಂತಿತು. ಆ ವರ್ಷ ಮಳೆ ಕಡಿಮೆ, ಮುಂದೆ ಹಂಗೆರಿಯ ಕಡೆ ನೀರಿನ ಆಳ ಸಾಲದು ಎಂದು ಬೆಳಿಗ್ಗೆ ಧ್ವನಿವರ್ಧಕದಲ್ಲಿ ಹೇಳಿದರು. ಪೆಟ್ಟಿಗೆ ಕಟ್ಟಿ, ಬಸ್ಸಿನಲ್ಲಿ ಬುಡಾಪೆಸ್ಟ್‌ಗೆ ಹೋಗಿ, ಅಲ್ಲಿ ನಿಂತಿರುವ ಇನ್ನೊಂದು ಹಡಗಿನಲ್ಲಿ ಮಲಗುವುದು. ಹಡಗು ಕಂಪನಿಯವರು ಇದನ್ನು ಟಿಕೆಟ್‌ನ ಹಿಂದೆ ಸಣ್ಣ ಅಕ್ಷರದಲ್ಲಿ ಮೊದಲೇ ಬರೆದಿದ್ದರು. ದುಡ್ಡು ಮರಳಿ ಬರಲಿಲ್ಲ. ಜನ ಗೊಣಗಿದರು. ನನಗೆ ಮಾತ್ರ ಇದರ ತರ್ಕ ಸ್ಪಷ್ಟವಾಗಿತ್ತು. ಕಟ್ಟೆ ಇದ್ದ ಕಡೆ ಹಿನ್ನೀರಿನ ಆಳ ಇರುತ್ತದೆ, ಹಡಗು ಎಂದೂ ನಿಲ್ಲುವುದಿಲ್ಲ. ನಿಲ್ಲುವುದು ನದಿ ತಾನಾಗಿ ಹರಿಯುವ ಕಡೆಯಲ್ಲೇ. ಯಾವ ಹರಿವನ್ನು ನೋಡಲು ನಾವು ದುಡ್ಡು ಕೊಟ್ಟಿದ್ದೆವೋ ಅದೇ ನಮ್ಮನ್ನು ಬಸ್ಸು ಹತ್ತಿಸಿತು.

ನನ್ನ ದುಃಖ ಬೇರೆ. ಬ್ರಾಟಿಸ್ಲಾವಾ ಕೆಳಗೆ ಗಾಬ್ಚಿಕೊವೊ ಎಂಬ ದೊಡ್ಡ ಕಟ್ಟೆ ಇದೆ, ಅದರ ಲಾಕ್‌ನಲ್ಲಿ ಹಡಗು ಸುಮಾರು 20 ಮೀಟರ್ ಇಳಿಯುತ್ತದೆ. ಅದೊಂದನ್ನು ನೋಡಬೇಕೆಂದೇ ನಾನು ದಿನ ಎಣಿಸುತ್ತಿದ್ದೆ, ತಪ್ಪಿಹೋಯಿತು. ಈ ಕಟ್ಟೆಯ ಹಿಂದೆ ಒಂದು ವ್ಯಾಜ್ಯ ಇದೆ, ಕೃಷ್ಣೆಯ ನೀರು ಹಂಚಿದ ಬಚಾವತ್ ನ್ಯಾಯಾಧಿಕರಣದ ಕಡತ ಹೊತ್ತವನಿಗೆ ಬಾಯಲ್ಲಿ ನೀರೂರಿಸುವಂಥದ್ದು. 1977ರಲ್ಲಿ ಹಂಗೆರಿ ಮತ್ತು ಅಂದಿನ ಚೆಕೊಸ್ಲೊವಾಕಿಯಾ ಒಪ್ಪಂದ ಮಾಡಿಕೊಂಡವು. ಮೇಲೆ ಗಾಬ್ಚಿಕೊವೊ, ಕೆಳಗೆ ಹಂಗೆರಿಯಲ್ಲಿ ನಾಜ್‌ಮರೋಶ್ ಎಂಬಲ್ಲಿ ಇನ್ನೊಂದು ಕಟ್ಟೆ, ಎರಡೂ ಜೋಡಿ. ಹಂಗೆರಿಯಲ್ಲಿ ಜನ ತಿರುಗಿಬಿದ್ದರು. ಕಮ್ಯುನಿಸ್ಟ್ ಸರ್ಕಾರ ಇನ್ನೂ ಇದ್ದಾಗಲೇ, 1988ರಲ್ಲಿ, ಸಾವಿರಾರು ಜನ ಸಂಸತ್ತಿನ ಮುಂದೆ ನಿಂತರು. 1989ರಲ್ಲಿ ಹಂಗೆರಿ ಕೆಲಸ ನಿಲ್ಲಿಸಿತು. ಆಚೆಯವರು ಸುಮ್ಮನಿರಲಿಲ್ಲ, 1992ರಲ್ಲಿ ತಮ್ಮ ನೆಲದಲ್ಲೇ ನದಿಯನ್ನು ಕಾಲುವೆಗೆ ತಿರುಗಿಸಿಕೊಂಡು ಗಾಬ್ಚಿಕೊವೊ ಓಡಿಸಿದರು. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 1997ರಲ್ಲಿ ಹೇಳಿದ್ದರ ಸಾರ ಇಷ್ಟು: ಹಂಗೆರಿಯವರೇ, ನಿಲ್ಲಿಸಿದ್ದು ನಿಮ್ಮ ತಪ್ಪು, ಆಚೆಯವರೇ, ತಿರುಗಿಸಿ ಓಡಿಸಿದ್ದು ನಿಮ್ಮ ತಪ್ಪು, ಒಪ್ಪಂದ ಇನ್ನೂ ಜೀವಂತ ಇದೆ, ಕೂತು ಮಾತಾಡಿಕೊಳ್ಳಿ. ನದಿಯ ವ್ಯಾಜ್ಯ ಹೇಗಿರುತ್ತದೆ ಎಂದು ಈ ಊರಿನವರಿಗೆ ಹೇಳಬೇಕಾಗಿಲ್ಲ.

ಬುಡಾಪೆಸ್ಟ್ ರಾತ್ರಿ ದೀಪದಲ್ಲಿ ಎಷ್ಟು ಚಂದವೆಂದು ಎಲ್ಲರೂ ಹೇಳುತ್ತಾರೆ, ಹೌದು. ಸಂಸತ್ ಭವನದ ಹತ್ತಿರ ದಡದ ಅಂಚಿನಲ್ಲಿ ಅರವತ್ತು ಜೊತೆ ಕಬ್ಬಿಣದ ಚಪ್ಪಲಿ, ಬೂಟುಗಳಿವೆ. ಯುದ್ಧದ ಕೊನೆಯ ಚಳಿಗಾಲದಲ್ಲಿ ಹಂಗೆರಿಯ ನಾತ್ಸಿ ಪರ ಪಡೆಯವರು ಯಹೂದಿಗಳನ್ನು ಇಲ್ಲಿ ನಿಲ್ಲಿಸಿ, ಕಾಲಿನ ಜೋಡು ಬಿಚ್ಚಿಸಿ, ನದಿಗೆ ಬೀಳುವ ಹಾಗೆ ಗುಂಡು ಹಾರಿಸಿದರು. ಜೋಡಿಗೆ ಬೆಲೆ ಇತ್ತು. ಒಂದು ಜೊತೆ ತೀರ ಚಿಕ್ಕದು. ಅದರೊಳಗೆ ಯಾರೋ ಒಂದು ಚಾಕೊಲೇಟ್ ಇಟ್ಟಿದ್ದರು. ಹೆಂಡತಿ ಅಲ್ಲಿ ಬಹಳ ಹೊತ್ತು ಕುಳಿತಳು, ನಮ್ಮ ಕೋಲಿನ ಗುಂಪು ಹೊರಟುಹೋಯಿತು.

ಕೊನೆಯ ದಿನ ನಾವು ಯಾವ ಕೋಲಿನ ಹಿಂದೆಯೂ ಹೋಗಲಿಲ್ಲ. ರೈಲು ಹತ್ತಿ ನಾಜ್‌ಮರೋಶ್‌ಗೆ ಹೋದೆವು, ಒಂದು ಗಂಟೆಯೂ ಹಿಡಿಯುವುದಿಲ್ಲ. ನದಿ ಅಲ್ಲಿ ಗುಡ್ಡಗಳ ನಡುವೆ ನುಗ್ಗಿ, ಪೂರ್ವಕ್ಕೆ ಹರಿಯುತ್ತಿದ್ದದ್ದು ದಕ್ಷಿಣಕ್ಕೆ ತಿರುಗುತ್ತದೆ. ಎದುರು ದಡದಲ್ಲಿ ವಿಶೆಗ್ರಾಡ್ ಕೋಟೆ. ನಾಜ್‌ಮರೋಶ್‌ನಲ್ಲಿ ಕೆಲಸ ಶುರುವಾಗಿ, ನೀರು ತಡೆಯಲು ನದಿಯೊಳಗೆ ಒಡ್ಡು ಕೂಡ ಹಾಕಿದ್ದರು, ಆಮೇಲೆ ತೆಗೆದರು. ಅದು ಎಲ್ಲಿತ್ತು ಎಂದು ನೋಡಬೇಕೆಂದು ನನ್ನ ಆಸೆ. ಇಂಥದ್ದೊಂದು ಗುರುತು ಉಳಿಯದೇ ಇರುವುದಿಲ್ಲ, ದಡದಲ್ಲಿ ಕಾಂಕ್ರೀಟಿನ ಚೂರಾದರೂ ಸಿಗುತ್ತದೆ ಎಂದುಕೊಂಡಿದ್ದೆ. ಅತ್ತಿಂದಿತ್ತ ಅರ್ಧ ಗಂಟೆ ಅಲೆದೆ. ಹುಲ್ಲು, ಸಾಲು ಮರ, ಸೈಕಲ್ ದಾರಿ, ಗಾಳ ಹಾಕಿ ಕುಳಿತ ಇಬ್ಬರು. ಆಚೆ ದಡಕ್ಕೆ ಹೋಗುವ ದೋಣಿ ಕಾಯುತ್ತಿದ್ದಾಗ, ಟಿಕೆಟ್ ಹರಿಯುವವನಿಗೆ ಕಾಗದದ ಮೇಲೆ ನದಿ ಬರೆದು, ಅಡ್ಡಲಾಗಿ ಒಂದು ಗೆರೆ ಎಳೆದು, ಎಲ್ಲಿ ಎಂಬಂತೆ ಕೈ ತಿರುಗಿಸಿದೆ. ಆತ ಕಾಗದ ನೋಡಿದ, ನನ್ನನ್ನು ನೋಡಿದ. ನನ್ನ ಪೆನ್ನು ಇಸಿದುಕೊಂಡು ಆ ಗೆರೆಯನ್ನು ಎರಡು ಸಲ ಹೊಡೆದುಹಾಕಿ, ಕಾಗದ ಮರಳಿ ಕೊಟ್ಟು, ಹತ್ತಿ ಎಂದು ದೋಣಿ ತೋರಿಸಿದ.